ಫೋಟೊ ತೆಗೆದವನು ಎಲ್ಲಿ ಅಡಗಿದ?

ಗೋಕಾಕದ ಹಳೇ ವಾಡೆಯೊಂದರ ಪಡಸಾಲೆ ಅಂದುಕೊಳ್ಳಿ. ಅದರ ಫೋಟೊ ನಿಮ್ಮ ಮೊಬೈಲಿನಲ್ಲಿದೆ. ಬೆರಳಿಟ್ಟು ಸರಿಸಿ. ಅರೆ, ಮನೆಯೇ ತಿರುಗಿತು! ಇನ್ನಷ್ಟು ಸರಿಸಿ. ಬೆನ್ನ ಹಿಂದಿನ ಗೋಡೆ ಎದುರಿಗೆ ಬಂತು! ಮೇಲೆ ನೋಡಿ: ತೊಲೆ, ಜಂತಿ, ಬೆಳಕಿಂಡಿ. ಕೆಳಗೆ ನೋಡಿ: ಸವೆದು ನುಣುಪಾದ ಕಲ್ಲುಹಾಸು. ದೇವರ ಜಗಲಿ, ದನದ ಗೋದಲಿ, ಅಟ್ಟದ ಏಣಿ, ಎಲ್ಲವೂ ಇದೆ. ಪೂರ್ತಿ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಮರಳಿದಿರಿ. ಎಲ್ಲ ಕಂಡಿತು, ಒಬ್ಬನನ್ನು ಬಿಟ್ಟು.

ಫೋಟೊ ತೆಗೆದವನನ್ನು!

ಎಲ್ಲಿ ಹೋದ ಆತ? ಕ್ಯಾಮೆರಾದ ಹಿಂದೆ ಇರಬೇಕು ಅನ್ನುತ್ತೀರಾ? ಈ ಚಿತ್ರಕ್ಕೆ ‘ಹಿಂದೆ’ ಅನ್ನುವುದೇ ಇಲ್ಲವಲ್ಲ! ಊಹಿಸಿ ನೋಡಿ. ಉತ್ತರ ಕೊಡುತ್ತೇನೆ, ಈಗಲೇ ಅಲ್ಲ.

ಮನೆ, ಪ್ಲಾಟು, ಹೊಲ ಮಾರುವವರು ಕೊಳ್ಳುವವರಿಗೆ ಕೂತಲ್ಲೇ ಜಾಗ ತೋರಿಸುವ ವರ್ಚುವಲ್ ಟೂರ್ ನಿಂತಿರುವುದು ಈ ಸುತ್ತುಚಿತ್ರದ ಮೇಲೆ. ಪುಣೆಯಲ್ಲಿ ಕೆಲಸ ಮಾಡುವ ಮಗ, ದುಬೈಯಲ್ಲಿರುವ ಅಳಿಯ, ಬೆಂಗಳೂರಿನ ಮಗಳು, ಎಲ್ಲರೂ ಒಂದೇ ಹೊತ್ತಿಗೆ ಒಂದೇ ಪಡಸಾಲೆಯಲ್ಲಿ ನಿಂತು ನೋಡಬಹುದು. ಒಬ್ಬರು ಬಾಗಿಲು ನೋಡುತ್ತಿರುವಾಗ ಇನ್ನೊಬ್ಬರು ಮಾಳಿಗೆ ನೋಡಬಹುದು!

ಇದರಲ್ಲಿ ಅಂಥ ವಿಶೇಷ ಏನು? ಒಂದು ಲೆಕ್ಕ ಕೇಳಿ.

ಮೊಬೈಲಿನಲ್ಲಿ ಒಂದು ಕೋಣೆಯ ಮಾಮೂಲಿ ಫೋಟೊ ತೆಗೆದಿರಿ. ನಿಮ್ಮ ಸುತ್ತ, ಮೇಲೆ, ಕೆಳಗೆ ಇರುವ ಇಡೀ ನೋಟದಲ್ಲಿ ಆ ಫೋಟೊ ಹಿಡಿದದ್ದು ಎಷ್ಟು ಪಾಲು? ಅರ್ಧ? ಕಾಲು? ಅಲ್ಲ. ಸುಮಾರು ಹನ್ನೆರಡರಲ್ಲಿ ಒಂದು!

ಉಳಿದ ಹನ್ನೊಂದು ಪಾಲು ಮಾರುವವನ ಬೆನ್ನ ಹಿಂದೆ! ಸೋರುವ ಮೂಲೆ, ಬಿರುಕು ಬಿಟ್ಟ ತೊಲೆ, ಎದುರುಮನೆಯ ಗೋಡೆಗೆ ಒತ್ತಿಕೊಂಡ ಕಿಟಕಿ, ಎಲ್ಲ ಅಲ್ಲೇ. ಸುತ್ತುಚಿತ್ರದಲ್ಲಿ ಆ ಹನ್ನೊಂದು ಪಾಲೂ ನಿಮ್ಮ ಕೈಗೆ ಬರುತ್ತದೆ. ಎಲ್ಲಿ ನೋಡಬೇಕು ಅನ್ನುವುದನ್ನು ತೀರ್ಮಾನಿಸುವವರು ನೀವು. ಫೋಟೊ ತೆಗೆದವನಲ್ಲ, ಏಜೆಂಟನಲ್ಲ, ಮನೆ ಮಾಲಕನೂ ಅಲ್ಲ. ನನ್ನ ಮಟ್ಟಿಗೆ ಈ ಇಡೀ ವಿದ್ಯೆಯಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇಲ್ಲ!

ಈಗ ಒಂದು ಆಟ. ಒಂದು ಕಣ್ಣು ಮುಚ್ಚಿ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿಯಿರಿ. ತಲೆಯನ್ನು ತುಸುವೇ ಅತ್ತಿತ್ತ ಸರಿಸಿ. ಹೆಬ್ಬೆರಳು ಹಿಂದಿನ ಗೋಡೆಯ ಮೇಲೆ ಜಿಗಿದಾಡಿತಲ್ಲ! ಸುತ್ತುಚಿತ್ರ ತೆಗೆಯುವವರ ದೊಡ್ಡ ವೈರಿ ಈ ಜಿಗಿತವೇ. ಕ್ಯಾಮೆರಾವನ್ನು ಹೇಗೆಂದರೆ ಹಾಗೆ ತಿರುಗಿಸಿ ಎಂಟು ಫೋಟೊ ತೆಗೆದು ಜೋಡಿಸಹೋದರೆ ಪಡಸಾಲೆಯ ಕಂಬ ಎರಡು ತುಂಡಾಗುತ್ತದೆ. ಬಾಗಿಲ ಚೌಕಟ್ಟು ಮುರಿಯುತ್ತದೆ!

ಹಾಗಾದರೆ ಕ್ಯಾಮೆರಾ ಯಾವ ಬಿಂದುವಿನ ಸುತ್ತ ತಿರುಗಬೇಕು? ಟ್ರೈಪಾಡಿನ ತಿರುಪು ಇರುವಲ್ಲಿ? ಅಲ್ಲ. ಲೆನ್ಸಿನ ಒಳಗೆ, ಬೆಳಕಿನ ಕಿರಣಗಳೆಲ್ಲ ಒಂದನ್ನೊಂದು ಹಾಯುವಂತೆ ಕಾಣುವ ಬಿಂದುವೊಂದಿದೆ. ಕೈಗೆ ಸಿಗದ, ಮುಟ್ಟಲಾಗದ ಬಿಂದು! ಅದಕ್ಕೆಂದೇ ವಿಶೇಷವಾದ ತಿರುಗುತಲೆಯನ್ನು ಟ್ರೈಪಾಡಿಗೆ ಹಾಕಿ, ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿ ಸರಿಸಿ, ಆ ಬಿಂದು ಒಂದಿಷ್ಟೂ ಅಲುಗದಂತೆ ಕೂರಿಸುತ್ತಾರೆ. ಹತ್ತಿರದಲ್ಲಿ ಕಂಬಗಳಿರುವ ವಾಡೆಯಲ್ಲಿ ಕೆಲವೇ ಮಿಲಿಮೀಟರ್ ತಪ್ಪಿದರೂ ಜೋಡಣೆ ಬಿರಿಯುತ್ತದೆ.

ಇನ್ನು ಲೆನ್ಸು! ಮೀನುಗಣ್ಣಿನ ಲೆನ್ಸ್ ಅನ್ನುತ್ತಾರಲ್ಲ, ಎದುರಿನ 180 ಡಿಗ್ರಿಯನ್ನು ಒಂದೇ ಏಟಿಗೆ ನುಂಗುವಂಥದ್ದು. ಅದನ್ನು ಮೊದಲು ಮಾಡಿದ್ದು ಏನನ್ನು ನೋಡಲು ಗೊತ್ತೇ? ಮನೆಗಳನ್ನಲ್ಲ. ಮೋಡಗಳನ್ನು! 1924ರಲ್ಲಿ ಇಂಗ್ಲೆಂಡಿನ ರಾಬಿನ್ ಹಿಲ್ ಇಡೀ ಆಕಾಶವನ್ನು ಒಂದೇ ಫೋಟೊದಲ್ಲಿ ಹಿಡಿಯಲು ಅಂಥ ಲೆನ್ಸ್ ರೂಪಿಸಿದ. ಮೋಡ ಹಿಡಿಯಲು ಹುಟ್ಟಿದ ಗಾಜು ಈಗ ನಮ್ಮ ಅಡಿಗೆಮನೆ ಹಿಡಿಯುತ್ತಿದೆ!

ಆದರೆ ಉತ್ತರ ಕರ್ನಾಟಕದ ಹಳೇ ಮನೆ ಸುಲಭಕ್ಕೆ ಬಗ್ಗುವಂಥದ್ದಲ್ಲ. ದಪ್ಪ ಗೋಡೆ, ಒಳಗೆ ತಣ್ಣನೆಯ ಕತ್ತಲು, ನಡುವೆ ಬೆಳಕಿಂಡಿಯಿಂದ ಇಳಿಯುವ ಕಣ್ಣು ಕುಕ್ಕುವ ಬಿಸಿಲು. ಬಿಸಿಲಿಗೆ ಹೊಂದಿಸಿದರೆ ಜಗಲಿ ಕಪ್ಪಾಯಿತು. ಜಗಲಿಗೆ ಹೊಂದಿಸಿದರೆ ಬೆಳಕಿಂಡಿ ಬರೀ ಬಿಳಿ. ಏನು ಮಾಡುತ್ತಾರೆ? ಒಂದೇ ನೋಟವನ್ನು ಕತ್ತಲಿಂದ ಬೆಳಕಿನವರೆಗೆ ಐದು ಸಲ ಬೇರೆ ಬೇರೆ ಹದದಲ್ಲಿ ತೆಗೆದು ಬೆರೆಸುತ್ತಾರೆ. ಸುತ್ತ ಆರು ದಿಕ್ಕು, ಮೇಲೊಂದು, ಕೆಳಗೊಂದು, ಪ್ರತಿಯೊಂದಕ್ಕೂ ಐದೈದು. ಲೆಕ್ಕ ಹಾಕಿದಿರಾ?

40 ಫೋಟೊ! ಒಂದೇ ಒಂದು ಜಾಗದಲ್ಲಿ ನಿಲ್ಲಲು! ಅಡಿಗೆಮನೆಗೆ ಮತ್ತೆ 40. ಹಿತ್ತಲಿಗೆ ಮತ್ತೆ 40.

ಎಲ್ಲ ಹೊಲಿದ ಮೇಲೆ ಆ ಗೋಳವನ್ನು ಚಪ್ಪಟೆ ಮಾಡಿ ಕಂಪ್ಯೂಟರಿನಲ್ಲಿ ಇಡಬೇಕು. ಅಗಲ ಎತ್ತರದ ಎರಡರಷ್ಟು. 12,000 ಚುಕ್ಕೆ ಅಗಲ, 6,000 ಚುಕ್ಕೆ ಎತ್ತರದ ಚಿತ್ರವಾದರೆ ಒಟ್ಟು 7.2 ಕೋಟಿ ಚುಕ್ಕೆ! ಹೀಗೆ ಗೋಳವನ್ನು ಆಯತಕ್ಕೆ ಇಳಿಸುವ ಉಪಾಯ ಎಷ್ಟು ಹಳೆಯದು? ಹತ್ತು ವರ್ಷ? ಐವತ್ತು? ಟೈರ್ ಪಟ್ಟಣದ ಮರೀನಸ್ ಎಂಬ ಭೂಗೋಳಜ್ಞ ಭೂಪಟ ಬಿಡಿಸಲು ಇದನ್ನು ಬಳಸಿದ್ದನೆಂದು ಟಾಲೆಮಿ ಬರೆದಿದ್ದಾನೆ. ಅಂದರೆ ಸುಮಾರು 1,900 ವರ್ಷ! ಅಕ್ಷಾಂಶ ಅಡ್ಡಗೆರೆ, ರೇಖಾಂಶ ಉದ್ದಗೆರೆ. ನಿಮ್ಮ ಪಡಸಾಲೆಯ ಮಾಳಿಗೆ ಉತ್ತರ ಧ್ರುವ, ನೆಲ ದಕ್ಷಿಣ ಧ್ರುವ!

ಸರಿ, ಒಗಟಿಗೆ ಬರೋಣ. ಫೋಟೊ ತೆಗೆದವನು ಎಲ್ಲಿ?

40 ಫೋಟೊ ತೆಗೆಯುವಾಗ ಆತ ಕ್ಯಾಮೆರಾದ ಜೊತೆ ತಾನೂ ಸುತ್ತುತ್ತಾನೆ! ಕ್ಯಾಮೆರಾ ಎತ್ತ ನೋಡಿದರೂ ಆತ ಅದರ ಬೆನ್ನಿಗೆ. ಪ್ರತಿ ಫೋಟೊದಲ್ಲೂ ಅಲ್ಲೇ ಇದ್ದು, ಒಂದರಲ್ಲೂ ಸಿಗದವನು! ಕೊನೆಗೆ ಟ್ರೈಪಾಡ್ ಸರಿಸಿ, ಅದರಡಿಯ ನೆಲವನ್ನು ಬೇರೆಯಾಗಿ ತೆಗೆದು ತೇಪೆ ಹಾಕುತ್ತಾನೆ. ಟ್ರೈಪಾಡೂ ಮಾಯ.

ಬೆನ್ನಿಗೆ ಬೆನ್ನು ಕೊಟ್ಟ ಎರಡು ಲೆನ್ಸುಗಳ ಪುಟ್ಟ ಕ್ಯಾಮೆರಾ ಬಂದದ್ದು ಇನ್ನೂ ಮಜಾ. 2013ರಲ್ಲಿ ರಿಕೋ ಥೀಟಾ ಬಂತು. ಒಂದು ಕ್ಲಿಕ್, ಪೂರ್ತಿ ಗೋಳ! ಇಲ್ಲಿ ಸುತ್ತಿ ತಪ್ಪಿಸಿಕೊಳ್ಳಲು ಆಗದು. ಹಾಗಾಗಿ ಆತ ನಿಜವಾಗಿಯೂ ಅಡಗುತ್ತಾನೆ! ಬಾಗಿಲ ಹಿಂದೆ, ಪಕ್ಕದ ಕೋಣೆಯಲ್ಲಿ, ಹಿತ್ತಲಲ್ಲಿ ನಿಂತು ಮೊಬೈಲಿನಿಂದ ಕ್ಲಿಕ್ಕಿಸುತ್ತಾನೆ. ಆ ಕ್ಯಾಮೆರಾ ಹಿಡಿದ ಕೋಲೂ ಮಾಯವಾಗುತ್ತದೆ, ಎರಡೂ ಲೆನ್ಸಿಗೆ ಕಾಣದ ಸಂದಿಯಲ್ಲಿ ಅದು ನಿಂತಿರುತ್ತದೆ! ಒಂದೇ ಕಂಟಕ, ಕನ್ನಡಿ. ಅಲಮಾರಿಯ ಕನ್ನಡಿಯಲ್ಲಿ ಟ್ರೈಪಾಡ್ ಕಂಡೇ ಕಾಣುತ್ತದೆ. ಇನ್ನು ಮುಂದೆ ಯಾವ ಟೂರ್ ನೋಡಿದರೂ ಮೊದಲು ಕನ್ನಡಿ ಹುಡುಕಿ!

ಕೆಲವು ಕ್ಯಾಮೆರಾಗಳು ಚಿತ್ರದ ಜೊತೆಗೆ ಗೋಡೆಗಳ ದೂರವನ್ನೂ ಅಳೆಯುತ್ತವೆ. ಆಗ ಇಡೀ ಮನೆಯನ್ನು ಹೊರಗಿನಿಂದ, ಮಾಳಿಗೆ ತೆಗೆದಿಟ್ಟಂತೆ, ಗೋಕಾಕದ ಕಟ್ಟಿಗೆಯ ಆಟಿಕೆಯ ಹಾಗೆ ಅಂಗೈಯಲ್ಲಿ ತಿರುಗಿಸಿ ನೋಡಬಹುದು.

ಅಂಥ ಕ್ಯಾಮೆರಾ ಇಲ್ಲದಿದ್ದರೆ? ನೀವೇ ಅಳೆಯಿರಿ! ಚಿತ್ರವನ್ನು ಮೇಲೂ ಎತ್ತದೆ ಕೆಳಗೂ ಇಳಿಸದೆ ನೇರ ಇಟ್ಟಾಗ ತೆರೆಯ ನಡುರೇಖೆಯ ಮೇಲೆ ಬರುವ ಪ್ರತಿಯೊಂದು ವಸ್ತುವೂ ಸರಿಯಾಗಿ ಲೆನ್ಸಿನ ಎತ್ತರದಲ್ಲೇ ಇರುತ್ತದೆ. ಹತ್ತಿರದ ಸ್ವಿಚ್ ಬೋರ್ಡಾಗಲಿ, ದೂರದ ಬಾಗಿಲ ಚಿಲಕವಾಗಲಿ! ಕ್ಯಾಮೆರಾ ತೀರ ಕೆಳಗಿದ್ದರೆ ಕೋಣೆ ಎತ್ತರವಾಗಿ ಕಾಣುತ್ತದೆ, ಆ ಚಮತ್ಕಾರ ಇಲ್ಲೇ ಸಿಕ್ಕಿಬೀಳುತ್ತದೆ. ಈಗ ನೋಟವನ್ನು ಕೆಳಗಿಳಿಸಿ. ಗೋಡೆಯ ಬುಡ 45 ಡಿಗ್ರಿ ಕೆಳಗೆ ಕಂಡಿತೇ? ಕ್ಯಾಮೆರಾ 5 ಅಡಿ ಎತ್ತರದಲ್ಲಿದ್ದರೆ ಆ ಗೋಡೆ 5 ಅಡಿ ದೂರ. 27 ಡಿಗ್ರಿಯ ಹತ್ತಿರ ಕಂಡರೆ 10 ಅಡಿ! ಪುಣೆಯಲ್ಲಿ ಕೂತು ಗೋಕಾಕದ ಪಡಸಾಲೆಗೆ ಟೇಪು ಹಿಡಿದಿರಿ!

ಈಗ ಮನೆಯಿಂದ ಹೊರಗೆ ಬನ್ನಿ. ತಮ್ಮ ಸುತ್ತ ಬಾಗಿದ ಚಿತ್ರದೆದುರು ನಿಂತು ನಮ್ಮ ಕನ್ನಡನಾಡಿನ ಒಂದು ಊರನ್ನು ಜನ ದುಡ್ಡು ಕೊಟ್ಟು ನೋಡಿದ್ದು ಯಾವಾಗ? ಗೂಗಲ್ ಬಂದ ಮೇಲೆ? ಕಂಪ್ಯೂಟರ್ ಬಂದ ಮೇಲೆ? ಕ್ಯಾಮೆರಾ ಬಂದ ಮೇಲೆ?

1800ರಲ್ಲಿ!

ಊರು ಶ್ರೀರಂಗಪಟ್ಟಣ. ನೋಡಿದವರು ಲಂಡನ್ನಿನ ಜನ. 1799ರ ಮೇ 4ರಂದು ಟಿಪ್ಪುವಿನ ಕೋಟೆ ಬಿತ್ತು. ವರ್ಷ ತುಂಬುವಷ್ಟರಲ್ಲಿ ರಾಬರ್ಟ್ ಕರ್ ಪೋರ್ಟರ್ ಎಂಬ 23ರ ಆಸುಪಾಸಿನ ಹುಡುಗ ಆ ಕಾಳಗವನ್ನು ಬಣ್ಣದಲ್ಲಿ ಬರೆದು ಅಲ್ಲಿನ ಲೈಸಿಯಂ ಎಂಬ ಪ್ರದರ್ಶನ ಮಂದಿರದಲ್ಲಿ ನಿಲ್ಲಿಸಿದ. ಉದ್ದ ಸುಮಾರು 120 ಅಡಿ! ನೋಡುವವರ ಸುತ್ತ ಬಾಗಿದ ಚಿತ್ರ. ಬರೆಯಲು ಹಿಡಿದದ್ದು ಆರು ವಾರವಂತೆ. ಆತ ಶ್ರೀರಂಗಪಟ್ಟಣವನ್ನು ಕಣ್ಣಾರೆ ಕಂಡವನೇ ಅಲ್ಲ! ಮೂಲ ಚಿತ್ರ ಉಳಿದಿಲ್ಲ, ಅದನ್ನು ನೋಡಿ ಕೆತ್ತಿದ ಅಚ್ಚುಚಿತ್ರಗಳು ಉಳಿದಿವೆ. ಅದು ಗೆದ್ದವರು ತೋರಿಸಿದ ಶ್ರೀರಂಗಪಟ್ಟಣ ಅನ್ನುವುದನ್ನು ಮಾತ್ರ ಮರೆಯಬೇಡಿ. ಚಿತ್ರ ಸುತ್ತ ಬಾಗಿತ್ತು ನಿಜ, ಅದರಲ್ಲಿ ಏನಿರಬೇಕು ಅಂತ ಆರಿಸಿದವನು ಮಾತ್ರ ಕುಂಚ ಹಿಡಿದವನೇ.

ಇನ್ನೂರು ವರ್ಷ ದಾಟಿದ ಮೇಲೆ ಹಂಪಿಯ ಸರದಿ. 2006ರಲ್ಲಿ ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ‘ಪ್ಲೇಸ್ ಹಂಪಿ’ ಎಂಬ ಸುತ್ತುಚಿತ್ರ ಪ್ರದರ್ಶನ ಕಟ್ಟಿದರು. ಫೋಟೊ ಜಾನ್ ಗೋಲಿಂಗ್ಸ್ ಅವರದು. 9 ಮೀಟರ್ ಅಡ್ಡಗಲದ ದುಂಡು ಪರದೆ, ನಡುವೆ ತಿರುಗುವ ಕಟ್ಟೆ. ಅದರ ಮೇಲೆ ನಿಂತು ನೀವೇ ತಿರುಗಿಸಿದರೆ ಹಂಪಿ ನಿಮ್ಮ ಸುತ್ತ ಆಳ ಅಗಲಗಳ ಸಮೇತ ತೆರೆದುಕೊಳ್ಳುತ್ತದೆ! ಅದು ಬರೀ ಪರದೇಶಕ್ಕೆ ಅಂದುಕೊಳ್ಳಬೇಡಿ, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಕಲಾಧಾಮಕ್ಕೂ ಬಂತು.

ಬೀದಿಗಳ ಕಥೆಯೂ ರೋಚಕ! ಬೀದಿಗಳ ಸುತ್ತುಚಿತ್ರ ತೆಗೆಯುವ ಗೂಗಲ್ ಸ್ಟ್ರೀಟ್ ವ್ಯೂ ಕಾರುಗಳು ಭಾರತದಲ್ಲಿ ಮೊದಲು ಓಡಿದ್ದು ಬೆಂಗಳೂರಿನಲ್ಲಿ, 2011ರಲ್ಲಿ. ಕೆಲವೇ ವಾರಗಳಲ್ಲಿ ಪೊಲೀಸರು ನಿಲ್ಲಿಸಿದರು! ಮತ್ತೆ ಶುರುವಾಗಲು 2022ರ ಜುಲೈ ಬರಬೇಕಾಯಿತು. ಆಗಿನ ಮೊದಲ ಹತ್ತು ಊರುಗಳಲ್ಲಿ ಕರ್ನಾಟಕದಿಂದ ಬೆಂಗಳೂರು ಒಂದೇ. ಗೋಕಾಕ ಇರಲಿಲ್ಲ, ಮೂಡಲಗಿ ಇರಲಿಲ್ಲ, ಹುಕ್ಕೇರಿ ಇರಲಿಲ್ಲ. ಅದಕ್ಕೇನಂತೆ? ಒಂದು ಪುಟ್ಟ ಕ್ಯಾಮೆರಾ, ಒಂದು ಕೋಲು ಇದ್ದವರು ಯಾರು ಬೇಕಾದರೂ ತಮ್ಮ ಊರಿನ ಸುತ್ತುಚಿತ್ರವನ್ನು ತಾವೇ ಗೂಗಲ್ ಮ್ಯಾಪಿಗೆ ಏರಿಸಬಹುದು!

ಏರಿಸಲು ಇಲ್ಲಿ ಎಂಥೆಂಥ ಜಾಗಗಳಿವೆ! ಗೋಕಾಕ ಜಲಪಾತ: ಕುದುರೆ ಲಾಳದಂತೆ ಬಾಗಿದ ಬಂಡೆಯಂಚಿನಿಂದ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುತ್ತಾಳೆ. ದಡದಲ್ಲಿ, ಆ ನೀರಿನ ಬಲದಿಂದಲೇ 19ನೇ ಶತಮಾನದಲ್ಲಿ ಓಡಲು ಶುರುವಾದ ನೂಲಿನ ಗಿರಣಿ. ನದಿಯ ಮೇಲೆ ಸುಮಾರು 200 ಮೀಟರಿನ ತೂಗುಸೇತುವೆ. ಜಲಪಾತ ಒಂದು ಕಡೆ, ಗಿರಣಿ ಇನ್ನೊಂದು ಕಡೆ, ಹಳೇ ಗುಡಿ ಮತ್ತೊಂದು ಕಡೆ. ಮಾಮೂಲಿ ಫೋಟೊದಲ್ಲಿ ಯಾವುದನ್ನಾದರೂ ಬಿಡಲೇಬೇಕು. ಇಲ್ಲಿ ಏನನ್ನೂ ಬಿಡಬೇಕಿಲ್ಲ! ತೊಂದರೆ ಒಂದೇ: ನೀರು ನಿಲ್ಲುವುದಿಲ್ಲವಲ್ಲ. ಪ್ರತಿ ಫೋಟೊದಲ್ಲೂ ಬೇರೆ ನೀರು! ಹೊಲಿಗೆಯನ್ನು ಬಂಡೆಯ ಮೇಲೇ ಹಾಯಿಸುವುದು ಜಾಣತನ.

ಹುಕ್ಕೇರಿಯ ಹಳೇ ಗುಮ್ಮಟಗಳೊಳಗೆ ನಿಂತರೆ ನೆಲ ಮತ್ತು ಗುಮ್ಮಟದ ನೆತ್ತಿ ಒಂದೇ ಚಿತ್ರದಲ್ಲಿ!

ಮೂಡಲಗಿಯ ಕಡೆ ಕಬ್ಬಿನ ಹೊಲ ಮಾರಾಟಕ್ಕಿದೆ ಅನ್ನಿ. ಹೊಲದೊಳಗೆ ಸುತ್ತುಚಿತ್ರ ತೆಗೆದರೆ ಕಾಣುವುದೇನು? ಕಬ್ಬು. ಸುತ್ತಲೂ ಕಬ್ಬು! ಹಾಗಾಗಿ ಡ್ರೋನ್ ಮೇಲೇರುತ್ತದೆ. ಒಂದೇ ಕಡೆ ಗಾಳಿಯಲ್ಲಿ ನಿಂತು, ತಿರುತಿರುಗಿ ಇಪ್ಪತ್ತೈದಕ್ಕೂ ಹೆಚ್ಚು ಫೋಟೊ ತೆಗೆಯುತ್ತದೆ. ಕಾಲುವೆ ಎಷ್ಟು ದೂರ, ಬಂಡಿ ದಾರಿ ಯಾರ ಹೊಲದ ಮೇಲೆ ಹಾದಿದೆ, ಬಾವಿ ಯಾವ ಮೂಲೆಗೆ, ಉತಾರದಲ್ಲಿ ಬರೆದದ್ದೂ ಬರೆಯದ್ದೂ ಕಣ್ಣಿಗೆ ಬೀಳುತ್ತದೆ! ಆದರೆ ಬಹಳಷ್ಟು ಡ್ರೋನುಗಳ ಕ್ಯಾಮೆರಾಕ್ಕೆ ನೆತ್ತಿಯ ಮೇಲಕ್ಕೆ ನೋಡಲು ಬರುವುದಿಲ್ಲ. ಹಾಗಾದರೆ ಚಿತ್ರದಲ್ಲಿ ನೆತ್ತಿಯ ಆಕಾಶ ಎಲ್ಲಿಂದ ಬಂತು? ತಂತ್ರಾಂಶ ಬಣ್ಣ ಬಳಿದದ್ದು! ನೆಲ ನಿಜ, ನೆತ್ತಿಯ ನೀಲಿ ಕಲ್ಪನೆ!

ನನ್ನನ್ನು ಎಲ್ಲಕ್ಕಿಂತ ಕಾಡುವ ಜಾಗ ಇನ್ನೊಂದಿದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ. 51 ಟಿಎಂಸಿ ನೀರು! ಅದರಲ್ಲಿ ಮುಳುಗಿದೆ ಹುನ್ನೂರಿನ ವಿಠ್ಠಲ ಮಂದಿರ. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಗುಡಿ ಮೇಲೆದ್ದು ಬರುತ್ತದೆ, ಜನ ದರ್ಶನಕ್ಕೆ ನುಗ್ಗುತ್ತಾರೆ. ಆಗ ಗುಡಿಯ ಅಂಗಳದಲ್ಲಿ ಒಂದು ಸುತ್ತುಚಿತ್ರ. ಜಲಾಶಯ ತುಂಬಿದಾಗ ಅದೇ ಅಕ್ಷಾಂಶ, ಅದೇ ರೇಖಾಂಶದಲ್ಲಿ, ನೀರಿನ ಮೇಲೆ ದೋಣಿಯಿಂದ ಇನ್ನೊಂದು. ಎರಡನ್ನೂ ಒಂದಕ್ಕೊಂದು ಜೋಡಿಸಿದರೆ ಬೆರಳೊಂದು ತಾಗಿದಾಗ ಗುಡಿ, ಮತ್ತೊಮ್ಮೆ ತಾಗಿದಾಗ ಸುತ್ತಲೂ ನೀರು! ಈಗಾಗಲೇ ಕ್ಯಾಮೆರಾ ಕೊಂಡು ಮನೆ, ಕಲ್ಯಾಣ ಮಂಟಪ, ಅಂಗಡಿಗಳ ಟೂರ್ ಮಾಡುತ್ತಿರುವ ಹುಡುಗರೇ, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಇದಕ್ಕೆ ಕೊಡಿ. ಸಂಬಂಧಪಟ್ಟವರ ಅನುಮತಿ ಪಡೆದು ಹೋಗಿ, ಜಿಪಿಎಸ್ ಬಿಂದುವನ್ನು ಮೊದಲೇ ಬರೆದಿಟ್ಟುಕೊಳ್ಳಿ, ಮತ್ತು ದೋಣಿಯಲ್ಲಿ ಎಲ್ಲಿ ಅಡಗಬೇಕು ಅಂತ ಈಗಿನಿಂದಲೇ ಯೋಚಿಸಿ!