ಸ್ನಾನಿಕನಾದ ಯೋಹಾನನೂ ನಮ್ಮ ಡಿಸೆಂಬರ್ ತಿಂಗಳೂ

ಸಭೆಯ ಪಂಚಾಂಗದಲ್ಲಿ ಆಗಮನ ಕಾಲದ ನಾಲ್ಕು ಭಾನುವಾರಗಳು ಕಾಯುವಿಕೆಗೆ ಮೀಸಲಾಗಿವೆ. ಇಂದು ಅನೇಕ ಸಭೆಗಳು ಬಳಸುವ ಮೂರು ವರ್ಷಗಳ ಪಾಠಕ್ರಮದಂತೆ, ಮೊದಲನೆಯ ಭಾನುವಾರದ ಸುವಾರ್ತಾ ಪಾಠವು ಕರ್ತನ ಪುನರಾಗಮನವನ್ನು ಕುರಿತದ್ದು. ಎರಡನೆಯ ಮತ್ತು ಮೂರನೆಯ ಭಾನುವಾರಗಳು ಸ್ನಾನಿಕನಾದ ಯೋಹಾನನವು. ನಾಲ್ಕನೆಯದರಲ್ಲಿ ಮಾತ್ರ ಮರಿಯಳಾಗಲಿ ಯೋಸೇಫನಾಗಲಿ ನಮ್ಮೆದುರಿಗೆ ಬರುತ್ತಾರೆ. ಕ್ರಿಸ್ಮಸ್ ಕಾಲವು ಡಿಸೆಂಬರ್ 24ರ ಸಂಜೆ ಆರಂಭವಾಗಿ, ಹನ್ನೆರಡು ದಿನಗಳನ್ನು ದಾಟಿ, ಜನವರಿ 6ರ ಪ್ರಕಟನೆಯ ಹಬ್ಬವನ್ನು ಮುಟ್ಟುತ್ತದೆ. ಅಂಗಡಿಬೀದಿಯ ಪಂಚಾಂಗವು ಇದಕ್ಕೆ ತಲೆಕೆಳಗು. ಅಲ್ಲಿ ನವೆಂಬರಿನಲ್ಲಿಯೇ ನಕ್ಷತ್ರಗಳು ತೂಗಾಡುತ್ತವೆ. 26ರ ಬೆಳಿಗ್ಗೆ ಉಳಿದ ಸರಕಿಗೆ ಅರ್ಧ ಬೆಲೆ. ವಿಷಾದವೇನೆಂದರೆ, ನಮ್ಮ ಸಭೆಗಳಲ್ಲಿ ಹಲವು ಈ ಎರಡನೆಯ ಪಂಚಾಂಗವನ್ನೇ ಅನುಸರಿಸುತ್ತಿವೆ. ಡಿಸೆಂಬರ್ ಮೊದಲ ವಾರದಲ್ಲಿಯೇ ಕೇಕ್ ಕತ್ತರಿಸಿದ ನಾವು ಸ್ತೆಫನನ ದಿನವಾದ 26ರಂದೂ, ಹೆರೋದನು ಕೊಲ್ಲಿಸಿದ ಶಿಶುಗಳನ್ನು ಸ್ಮರಿಸುವ 28ರಂದೂ ದೇವಾಲಯದ ಬಾಗಿಲು ತೆರೆಯುವುದಿಲ್ಲ.

ಪ್ರಸಂಗಪೀಠದಿಂದ ಸಾಂತಾಕ್ಲಾಸನನ್ನು ಬೈಯುವುದು ಸುಲಭ. ನಾನೂ ಬೈದಿದ್ದೇನೆ. ಆದರೆ ಆ ಹೆಸರಿನ ಹಿಂದೆ ನಾಲ್ಕನೆಯ ಶತಮಾನದ ಮುರ ಪಟ್ಟಣದ ಬಿಷಪ್ ನಿಕೊಲಾಸನಿದ್ದಾನೆ. ಗುಟ್ಟಾಗಿ ಕೊಡುವವನೆಂದೇ ಪರಂಪರೆಯು ಅವನನ್ನು ನೆನೆಯುತ್ತದೆ. ಅಲ್ಲದೆ, ಹಣದ ವ್ಯವಹಾರ ಒಂದು ಕಡೆ, ಕ್ರಿಸ್ತಜನನ ಇನ್ನೊಂದು ಕಡೆ ಎಂಬ ವಿಭಜನೆಯನ್ನು ಲೂಕನು ಒಪ್ಪುವುದಿಲ್ಲ. ಅವನು ಜನನದ ವೃತ್ತಾಂತವನ್ನು ಆರಂಭಿಸುವುದೇ ಔಗುಸ್ತನ ಖಾನೇಷುಮಾರಿಯ ಆಜ್ಞೆಯಿಂದ. ರೋಮಿನ ಆಡಳಿತದಲ್ಲಿ ಜನರನ್ನು ಎಣಿಸುತ್ತಿದ್ದದ್ದು ತೆರಿಗೆಗಾಗಿ.

ಮುಂದಿನ ಅಧ್ಯಾಯದಲ್ಲಿ ಯೋಹಾನನು ಮಾನಸಾಂತರವನ್ನು ಸಾರುವಾಗ, ಕೇಳಿದವರು ತಾವೇನು ಮಾಡಬೇಕೆಂದು ವಿಚಾರಿಸುತ್ತಾರೆ. ಮೊದಲು ಜನರ ಗುಂಪು, ಬಳಿಕ ಸುಂಕದವರು, ಕೊನೆಗೆ ಸಿಪಾಯಿಗಳು. ಈ ಮೂರು ಪ್ರಶ್ನೆಗಳು ಮತ್ತಾಯನಲ್ಲಿಯೂ ಮಾರ್ಕನಲ್ಲಿಯೂ ಇಲ್ಲ. ಲೂಕನೊಬ್ಬನೇ ಇವನ್ನು ಕಾಪಾಡಿದ್ದಾನೆ. ಇನ್ನೂ ಹೆಚ್ಚು ಉಪವಾಸ ಮಾಡಿರೆಂದು ಯೋಹಾನನು ಹೇಳುವುದಿಲ್ಲ. ಎರಡು ಅಂಗಿಯುಳ್ಳವನು ಇಲ್ಲದವನಿಗೆ ಒಂದನ್ನು ಕೊಡಲಿ. ಸುಂಕದವನು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲು ಮಾಡದಿರಲಿ. ಸಿಪಾಯಿಯು ಬೆದರಿಸಿ ಹಣ ಕೀಳದೆ ತನ್ನ ಸಂಬಳದಲ್ಲಿ ತೃಪ್ತನಾಗಿರಲಿ. ಬಟ್ಟೆ, ವಸೂಲಿ, ಸಂಬಳ ಇವಿಷ್ಟೇ ಉತ್ತರ. ಯಾರಿಗೂ ಕೆಲಸ ಬಿಟ್ಟು ಅರಣ್ಯಕ್ಕೆ ಬರಲು ಅವನು ಹೇಳಲಿಲ್ಲವೆಂಬುದು ಗಮನಾರ್ಹ. ಪೇಟೆಯವರು ಪೇಟೆಗೇ ಹಿಂದಿರುಗಬೇಕು, ಆದರೆ ಬೇರೆ ಕೈಗಳೊಡನೆ.

ಈ ಪಾಠವು ಸಭೆಯನ್ನೂ ವಿಚಾರಣೆಗೆ ಒಳಪಡಿಸುತ್ತದೆ. ಕೆಲವು ವರ್ಷಗಳ ಹಿಂದೆ ನಾವು ಯುವಜನರೊಂದಿಗೆ ಮನೆಮನೆಗೆ ಕ್ಯಾರಲ್ ಹಾಡುತ್ತಾ ಹೊರಟಾಗ, ಸಭೆಯ ಒಬ್ಬ ವಿಧವೆಯ ಮನೆಯ ದೀಪ ನಾವು ಗೇಟಿನ ಬಳಿ ಬರುತ್ತಿದ್ದಂತೆ ಆರಿತು. ಮಲಗಿರಬೇಕೆಂದು ಮುಂದೆ ಹೋದೆವು. ಜನವರಿಯಲ್ಲಿ ಆಕೆಯೇ ಹೇಳಿದರು: "ಅಯ್ಯನವರೇ, ಡಬ್ಬಿಗೆ ಹಾಕಲು ಏನೂ ಇರಲಿಲ್ಲ. ದೀಪ ಆರಿಸಿ ಮಕ್ಕಳನ್ನು ಸುಮ್ಮನೆ ಕೂರಿಸಿದೆ." ಆ ಸಂಜೆ ಸಿಹಿಸುದ್ದಿಯನ್ನು ಹೊತ್ತವರೆಂದು ತಿಳಿದುಕೊಂಡಿದ್ದ ನಾವು ಆ ಬಾಗಿಲಿನ ಒಳಗಿದ್ದವರಿಗೆ ಸುಂಕದವರಾಗಿದ್ದೆವು.

ಮರುವರ್ಷ ಡಬ್ಬಿಯನ್ನು ದೇವಾಲಯದಲ್ಲಿಯೇ ಇಟ್ಟು, ಮನೆಗಳ ಭೇಟಿಯನ್ನು 26ರಿಂದ ಜನವರಿ 6ರ ನಡುವಣ ಸಂಜೆಗಳಿಗೆ ಬದಲಾಯಿಸಿದೆವು. ಲೂಕನ ಈ ಭಾಗವು ಪಾಠಕ್ರಮದ 'ಸಿ' ವರ್ಷದಲ್ಲಿ ಆಗಮನದ ಮೂರನೆಯ ಭಾನುವಾರಕ್ಕೆ ಬರುತ್ತದೆ. ನಮ್ಮಲ್ಲಿ ಅದು ಸಂಡೇ ಸ್ಕೂಲ್ ಮಕ್ಕಳ ಕಾರ್ಯಕ್ರಮದ ದಿನವಾಗಿತ್ತು, ಯೋಹಾನನಿಗೆ ಸ್ಥಳವೇ ಇರುತ್ತಿರಲಿಲ್ಲ. ಆ ಕಾರ್ಯಕ್ರಮವನ್ನೂ ಹಬ್ಬದ ನಂತರದ ಭಾನುವಾರಕ್ಕೆ ಮುಂದೂಡಿದೆವು. ರಜೆಗೆ ಊರಿಗೆ ಹೋಗುವ ಕೆಲವು ಕುಟುಂಬಗಳು ಬೇಸರಪಟ್ಟವು. ಆ ಬೇಸರವು ನ್ಯಾಯವಾದದ್ದೇ. ಯುವಜನ ಸಂಘದ ಲೆಕ್ಕದಲ್ಲಿ ಕೊರತೆಯೂ ಬಿತ್ತು. ಸಭಾಸಮಿತಿಯ ಹಿರಿಯರೊಬ್ಬರು ಅದನ್ನು ಪ್ರತಿ ನವೆಂಬರಿನಲ್ಲಿ ತಪ್ಪದೆ ನೆನಪಿಸುತ್ತಾರೆ.