ನಿಧಿಶೋಧದ ಆ್ಯಪಿಗೆ ಮೊದಲ ಪರೀಕ್ಷೆ

ಜಿಪಿಎಸ್ ಸಂಕೇತಗಳಲ್ಲಿ ಬುದ್ಧಿಪೂರ್ವಕವಾಗಿ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರಕಾರವು 2000ನೆಯ ಇಸವಿಯ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿದೊಡನೆಯೇ, ಮೇ 3ರಂದು, ಡೇವ್ ಉಲ್ಮರ್ ಎಂಬವರು ಆರೆಗನ್ ರಾಜ್ಯದ ಬೀವರ್‌ಕ್ರೀಕಿನ ಸಮೀಪ ಬಕೆಟ್ಟೊಂದನ್ನು ಅರೆಯಾಗಿ ಹೂತು, ಅದರ ಅಕ್ಷಾಂಶ ರೇಖಾಂಶಗಳನ್ನು ಲೋಕಕ್ಕೆ ಸಾರಿದರು. ಬಚ್ಚಿಟ್ಟ ನಿಧಿಯನ್ನು ಜಿಪಿಎಸ್ ನೆರವಿನಿಂದ ಹುಡುಕುವ ಜಿಯೋಕ್ಯಾಚಿಂಗ್ ಎಂಬ ಕ್ರೀಡೆಯ ಜನನವಾದದ್ದು ಹೀಗೆ.

ಈ ಕ್ರೀಡೆಯ ಮಾಹಿತಿಯನ್ನು ಕಿಸೆಯಲ್ಲಿ ಹೊತ್ತು ತಿರುಗಲೆಂದು ರಚಿತವಾದ ಆ್ಯಪನ್ನು ಪರೀಕ್ಷಿಸುವವರು, ಬಣ್ಣ ಅಲಂಕಾರಗಳ ಗೊಡವೆಗೆ ಹೋಗುವ ಮುನ್ನ, ಆ ಆದಿಮ ನಿಧಿಯ ನೆಲೆಯನ್ನೇ ಅದಕ್ಕೆ ಉಣಿಸಿ ನೋಡುವುದು ಯುಕ್ತ: ಉತ್ತರ 45 ಡಿಗ್ರಿ 17.460 ನಿಮಿಷ, ಪಶ್ಚಿಮ 122 ಡಿಗ್ರಿ 24.800 ನಿಮಿಷ. ದಶಮಾಂಶಕ್ಕೆ ತಿರುಗಿಸಿದಾಗ ಅಕ್ಷಾಂಶವು 45.291 ಆಗತಕ್ಕದ್ದು. ನಿಮಿಷವನ್ನು 60ರಿಂದ ಭಾಗಿಸಲು ಮರೆತ ಆ್ಯಪು 45.1746 ಎಂದು ಬರೆದುಕೊಂಡಿತೆನ್ನಿ, ಆ ಒಂದು ತಪ್ಪಿನಿಂದಲೇ ಶೋಧಕನು ಸುಮಾರು 13 ಕಿಲೋಮೀಟರು ದಕ್ಷಿಣಕ್ಕೆ ಜಾರುವನು. ಪಶ್ಚಿಮವನ್ನು ಸೂಚಿಸುವ ಋಣಚಿಹ್ನೆಯು ಲೋಪವಾದರಂತೂ ಪಾಪ, ಬಕೆಟ್ಟು ಈಶಾನ್ಯ ಚೀನಾಕ್ಕೇ ವಲಸೆ ಹೋದೀತು!

ಕಾಡಿನಲ್ಲಿ ನೆಟ್‌ವರ್ಕು ದುರ್ಲಭ. ಆದುದರಿಂದ ನಿಧಿಗಳ ಮಾಹಿತಿಯನ್ನು ಹೊತ್ತ ಜಿಪಿಎಕ್ಸ್ ಕಡತವನ್ನು ಇಳಿಸಿಕೊಂಡು, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಆ್ಯಪನ್ನು ಪೂರ್ತಿ ಮುಚ್ಚಿ ಪುನಃ ತೆರೆದಾಗಲೂ ನಿಧಿಯ ವಿವರಣೆ, ಸುಳಿವು, ಹಿಂದಿನವರ ಟಿಪ್ಪಣಿಗಳು ಕಾಣುವುವೇ ಎಂಬುದನ್ನು ನೋಡಬೇಕು.

ಬಹುಮಂದಿ ಪರೀಕ್ಷಕರು ಕಡೆಗಣಿಸುವುದು, ನನ್ನ ಎಣಿಕೆಯಲ್ಲಿ, ಕಾಲವನ್ನು. ಆರೆಗನ್ನಿನಲ್ಲಿ ಬೇಸಗೆಯ ಸಂಜೆ ಆರಕ್ಕೆ ನಿಧಿಯನ್ನು ಕಂಡವನ ದಾಖಲೆ ಯುಟಿಸಿ ಎಂಬ ಜಾಗತಿಕ ಪ್ರಮಾಣವೇಳೆಯ ಗಡಿಯಾರದಲ್ಲಿ ಮರುದಿನದ ನಡುರಾತ್ರಿ ಒಂದು ಗಂಟೆಯದು. ಸ್ಥಳೀಯ ವೇಳೆಗೆ ಪರಿವರ್ತಿಸದ ಆ್ಯಪು ಶನಿವಾರದ ಶೋಧವನ್ನು ಭಾನುವಾರದ ಲೆಕ್ಕಕ್ಕೆ ಜಮಾ ಮಾಡಿಬಿಡುತ್ತದೆ.