ತಾಳೆಯಾಗದ 1,249 ರೂಪಾಯಿ: ಫೈರ್‌ಬಗ್ ಬಿಟ್ಟು ಬ್ರೌಸರ್‌ನ ಸ್ವಂತ ಟೂಲ್ ಕಲಿತದ್ದು

ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಏನು ಮಾಡಬೇಕೆಂದು ಕಾಮರ್ಸ್ ಓದುವ ನಮಗೆಲ್ಲ ಗೊತ್ತು. ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತೇವೆ. ಶೇಷವಿಲ್ಲದೆ ಹೋದರೆ ಯಾವುದೋ ಸಂಖ್ಯೆಯ ಅಂಕಿಗಳು ಹಿಂದುಮುಂದಾಗಿರಬಹುದು. 2ರಿಂದ ಭಾಗಿಸಿ ನೋಡುತ್ತೇವೆ. ಆ ಅರ್ಧ ಮೊತ್ತ ತಪ್ಪು ಬದಿಗೆ ಬಿದ್ದಿರಬಹುದು. ಕಳೆದ ತಿಂಗಳು ನಮ್ಮ ಮನೆಯ ಲೆಕ್ಕದಲ್ಲಿ 1,249 ರೂಪಾಯಿ ತಾಳೆಯಾಗಲಿಲ್ಲ. ಅದು 9ರಿಂದಲೂ ಹೋಗಲಿಲ್ಲ, 2ರಿಂದಲೂ ಹೋಗಲಿಲ್ಲ. ಆ ಹಣ ಎಲ್ಲಿತ್ತು ಎಂಬುದನ್ನೂ, ಅದನ್ನು ಹುಡುಕಲು ನಾನು ಇಷ್ಟಪಟ್ಟ ಒಂದು ಸಾಧನವನ್ನು ಬಿಡಬೇಕಾಗಿ ಬಂದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಾಮು ಬಸ್‌ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ನಡೆಸುತ್ತಿದ್ದರು. ಲಗ್ನಪತ್ರಿಕೆಗಳ ನಡುವೆ ಬಿಡುವಾದಾಗ ಊರಿನ ಅಂಗಡಿಗಳಿಗೆ ಸಣ್ಣ ಸಣ್ಣ ವೆಬ್ ಪುಟಗಳನ್ನೂ ಮಾಡಿಕೊಡುತ್ತಿದ್ದರು. ಎಂಟನೇ ತರಗತಿಯಲ್ಲಿದ್ದಾಗ ಸಂಜೆ ಅವರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ನಾನು ಎಚ್‌ಟಿಎಂಎಲ್ ಕಲಿತೆ. ಅವರ ಕಂಪ್ಯೂಟರ್ ವಿಂಡೋಸ್ ಎಕ್ಸ್‌ಪಿಯದು. ಅದರಲ್ಲಿ ಹಳೆಯ ಫೈರ್‌ಫಾಕ್ಸ್, ಫೈರ್‌ಫಾಕ್ಸ್‌ನ ಮೂಲೆಯಲ್ಲಿ ಒಂದು ಪುಟ್ಟ ಜೀರುಂಡೆ ಚಿತ್ರ. ಅದೇ ಫೈರ್‌ಬಗ್. ಕ್ಲಿಕ್ ಮಾಡಿದರೆ ಜೀರುಂಡೆಗೆ ಬಣ್ಣ ಬರುತ್ತಿತ್ತು, ಪುಟದ ಹೊಟ್ಟೆಯೊಳಗೆ ಏನಿದೆ ಎಂದು ಕೆಳಗೆ ತೆರೆದುಕೊಳ್ಳುತ್ತಿತ್ತು. ಮಾಮು ಅಂಗಡಿ ಮುಚ್ಚಿ ದಮ್ಮಾಮ್‌ಗೆ ಕೆಲಸಕ್ಕೆ ಹೋದಾಗ ಆ ಕಂಪ್ಯೂಟರ್ ನಮ್ಮ ಮನೆಗೆ ಬಂತು.

ಫೈರ್‌ಬಗ್ ಎಂದರೇನು?

ಇದು ಫೈರ್‌ಫಾಕ್ಸ್ ಬ್ರೌಸರ್‌ಗೆ ಹೊರಗಿನಿಂದ ಸೇರಿಸಿಕೊಳ್ಳುತ್ತಿದ್ದ ಒಂದು ಆಡ್-ಆನ್. 2006ರಲ್ಲಿ ಜೋ ಹೆವಿಟ್ ಎಂಬುವರು ಇದನ್ನು ಹೊರತಂದರು. ಅದಕ್ಕೂ ಮೊದಲು ಪುಟದಲ್ಲಿ ತಪ್ಪಾದರೆ ಜಾವಾಸ್ಕ್ರಿಪ್ಟ್ ಬರೆಯುವವರು ಅಲ್ಲಲ್ಲಿ ಅಲರ್ಟ್ ಎಂಬ ಪುಟ್ಟ ಕಿಟಕಿ ಎಬ್ಬಿಸಿ, ಬೆಲೆ ಎಷ್ಟು ಬಂತು ಎಂದು ಇಣುಕಿ ನೋಡಬೇಕಿತ್ತು. ಫೈರ್‌ಬಗ್ ಬಂದ ಮೇಲೆ ಪುಟದ ರಚನೆ, ಬಣ್ಣ-ಅಳತೆ, ಸ್ಕ್ರಿಪ್ಟ್, ಸರ್ವರ್ ಜೊತೆಗಿನ ಮಾತುಕತೆ ಎಲ್ಲವೂ ಒಂದೇ ಕಡೆ ಕಾಣಿಸತೊಡಗಿದವು. ಇವತ್ತು ಎಲ್ಲರೂ ಬಳಸುವ ಕನ್ಸೋಲ್ ಡಾಟ್ ಲಾಗ್ ಎಂಬ ಸಾಲು ರೂಢಿಗೆ ಬಂದದ್ದೂ ಇದರಿಂದಲೇ.

ಅದು ಏಕೆ ನಿಂತಿತು?

ನಮ್ಮ ಪಾಠದ ಭಾಷೆಯಲ್ಲೇ ಹೇಳುತ್ತೇನೆ. ಸಣ್ಣ ಅಂಗಡಿಯಲ್ಲಿ ಹಣ ತೆಗೆದುಕೊಳ್ಳುವವರೂ ಲೆಕ್ಕ ಬರೆಯುವವರೂ ಒಬ್ಬರೇ ಇರುತ್ತಾರೆ. ವ್ಯವಹಾರ ಬೆಳೆದಂತೆ ಕ್ಯಾಷಿಯರ್ ಬೇರೆ, ಲೆಡ್ಜರ್ ಬರೆಯುವವರು ಬೇರೆ ಆಗುತ್ತಾರೆ. ಒಬ್ಬರ ತಪ್ಪು ಇಡೀ ಅಂಗಡಿಯನ್ನು ಮುಳುಗಿಸಬಾರದು ಎಂಬುದೇ ಇದರ ಉದ್ದೇಶ. ಹಳೆಯ ಫೈರ್‌ಫಾಕ್ಸ್ ಸಣ್ಣ ಅಂಗಡಿಯಂತೆ. ಬ್ರೌಸರ್‌ನ ಕಿಟಕಿ, ಗುಂಡಿಗಳು, ನಾವು ತೆರೆದ ಪುಟಗಳು ಎಲ್ಲವೂ ಒಂದೇ ಪ್ರಕ್ರಿಯೆಯಲ್ಲಿ ಓಡುತ್ತಿದ್ದವು. ಒಂದು ಪುಟ ಕೈಕೊಟ್ಟರೆ ಇಡೀ ಬ್ರೌಸರ್ ಮುಚ್ಚಿಹೋಗುತ್ತಿತ್ತು. 2016ರಿಂದ ಫೈರ್‌ಫಾಕ್ಸ್ ಇವೆರಡನ್ನೂ ಬೇರೆ ಬೇರೆ ಪ್ರಕ್ರಿಯೆಗಳಾಗಿ ವಿಂಗಡಿಸತೊಡಗಿತು. ಫೈರ್‌ಬಗ್ ಮಾತ್ರ ಗಲ್ಲಾಪೆಟ್ಟಿಗೆ, ಲೆಡ್ಜರ್ ಎರಡಕ್ಕೂ ನೇರವಾಗಿ ಕೈಹಾಕುವ ಕಾಲದಲ್ಲಿ ಬರೆದದ್ದು. 2017ರ ನವೆಂಬರ್‌ನಲ್ಲಿ ಬಂದ ಫೈರ್‌ಫಾಕ್ಸ್ 57 ಹಳೆಯ ರೀತಿಯ ಆಡ್-ಆನ್‌ಗಳನ್ನು ಪೂರ್ತಿ ನಿಲ್ಲಿಸಿತು. ಫೈರ್‌ಬಗ್ ಕೂಡ ಅದೇ ವರ್ಷ ಅಧಿಕೃತವಾಗಿ ಮುಗಿಯಿತು. ಎಕ್ಸ್‌ಪಿಗೆ ಸಿಕ್ಕ ಕೊನೆಯ ಫೈರ್‌ಫಾಕ್ಸ್ ಸರಣಿ 52. ಹಾಗಾಗಿ ಮಾಮು ಅವರ ಕಂಪ್ಯೂಟರ್‌ನಲ್ಲಿ ಜೀರುಂಡೆ ಉಳಿದುಕೊಂಡಿತ್ತು.

ನನಗೆ ಸಮಾಧಾನ ತಂದ ಒಂದು ಸಂಗತಿಯೂ ಇದೆ. ಫೈರ್‌ಬಗ್ ಅನ್ನು ಹಲವು ವರ್ಷ ಮುನ್ನಡೆಸಿದ ಯಾನ್ ಓಡ್ವಾರ್ಕೊ ಮುಂದೆ ಫೈರ್‌ಫಾಕ್ಸ್‌ನ ಸ್ವಂತ ಡೆವಲಪರ್ ಟೂಲ್ಸ್ ತಂಡದಲ್ಲೇ ಕೆಲಸ ಮಾಡಿದರು. ಅಂಗಡಿಯ ಹೆಸರು ಹೋಯಿತು, ಕೆಲಸಗಾರರ ಕೈ ಉಳಿಯಿತು.

ಮನೆಯಲ್ಲಿ ನಡೆದದ್ದು

ನಮ್ಮ ಅಮ್ಮಿ ಬಟ್ಟೆ ಹೊಲಿಯುತ್ತಾರೆ. ಪಕ್ಕದ ಮನೆಯ ಖಾಲಾ ಹೆಮ್ಮಿಂಗ್, ಫಾಲ್ಸ್ ಕೆಲಸ ಮಾಡಿಕೊಡುತ್ತಾರೆ, ಪೇಟೆಯಿಂದ ಲೈನಿಂಗ್ ಬಟ್ಟೆ, ದಾರ ತರುತ್ತಾರೆ. ಹಣದ ಡಬ್ಬಿಯ ಕೀಲಿ ಅಮ್ಮಿ ಮತ್ತು ಖಾಲಾ ಇಬ್ಬರ ಬಳಿಯೂ ಇರುತ್ತಿತ್ತು. ಜಮಾ-ಖರ್ಚು ಬರೆಯಲು ನಾನು ಒಂದು ಸಣ್ಣ ವೆಬ್ ಪುಟ ಮಾಡಿಕೊಟ್ಟಿದ್ದೆ. ಅಬ್ಬು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದ ಮೇಲೆ ಪುಟವನ್ನು ಅದಕ್ಕೆ ಸಾಗಿಸಿದೆ. ಅದರಲ್ಲಿ ಹೊಸ ಫೈರ್‌ಫಾಕ್ಸ್ ಇತ್ತು. ಜೀರುಂಡೆ ಇರಲಿಲ್ಲ.

ತಿಂಗಳ ಕೊನೆಯಲ್ಲಿ ಪುಟ 6,385 ರೂಪಾಯಿ ಉಳಿಕೆ ತೋರಿಸಿತು. ಡಬ್ಬಿಯಲ್ಲಿ ಇದ್ದದ್ದು 5,136. ಅಮ್ಮಿ ಏನೂ ಹೇಳಲಿಲ್ಲ. ಆದರೆ ಮರುದಿನ "ನಿಮ್ಮ ಕೀಲಿ ಸ್ವಲ್ಪ ದಿನ ನನ್ನ ಹತ್ತಿರ ಇರಲಿ" ಎಂದು ಖಾಲಾ ಅವರಿಂದ ಕೀಲಿ ತೆಗೆದುಕೊಂಡರು. ಖಾಲಾ ಮುಖ ಸಣ್ಣದಾಯಿತು. ಕಂಪ್ಯೂಟರ್ ತಪ್ಪು ಕೂಡುವುದಿಲ್ಲ ಎಂದು ಅಮ್ಮಿಗೆ ಹೇಳಿದ್ದು ನಾನೇ.

ಅರವತ್ತಕ್ಕೂ ಹೆಚ್ಚು ನಮೂದುಗಳನ್ನು ಕೈಯಲ್ಲಿ ಕೂಡಿ ನೋಡಬೇಕಿತ್ತು, ನೋಡಲಿಲ್ಲ. ಅದರ ಬದಲು ಹಳೆಯ ಕಂಪ್ಯೂಟರ್‌ಗೆ ಓಡಿ ಫೈರ್‌ಬಗ್ ತೆರೆದು, ನಾನೇ ಹತ್ತು ನಮೂದು ಟೈಪ್ ಮಾಡಿ ನೋಡಿದೆ. ಎಲ್ಲ ಸರಿಯಾಗಿ ಬಂತು. ಎರಡು ರಾತ್ರಿ ಹೀಗೇ ಹೋಯಿತು. ತಪ್ಪು ಇದ್ದದ್ದು ಲ್ಯಾಪ್‌ಟಾಪ್‌ನಲ್ಲಿ ಉಳಿಸಿದ್ದ ಲೆಕ್ಕದಲ್ಲಿ. ನಾನು ಹುಡುಕುತ್ತಿದ್ದದ್ದು ನನಗೆ ರೂಢಿಯಿದ್ದ ಕಡೆ.

ಮೂರನೇ ರಾತ್ರಿ ಲ್ಯಾಪ್‌ಟಾಪ್‌ನಲ್ಲೇ ಎಫ್ 12 ಒತ್ತಿದೆ. ಹೆಸರುಗಳು ಬೇರೆ, ಕೆಲಸ ಹಳೆಯದೇ:

ಫೈರ್‌ಬಗ್‌ನ ಎಚ್‌ಟಿಎಂಎಲ್ ಟ್ಯಾಬ್ ಇಲ್ಲಿ ಇನ್ಸ್‌ಪೆಕ್ಟರ್. ಪುಟದ ಒಂದು ಭಾಗವನ್ನು ನೇರ ಆರಿಸಲು ಕಂಟ್ರೋಲ್, ಶಿಫ್ಟ್, ಸಿ ಮೂರನ್ನೂ ಒಟ್ಟಿಗೆ ಒತ್ತಿದರಾಯಿತು.

ಸ್ಕ್ರಿಪ್ಟ್ ಟ್ಯಾಬ್ ಇಲ್ಲಿ ಡಿಬಗರ್.

ನೆಟ್ ಟ್ಯಾಬ್ ಇಲ್ಲಿ ನೆಟ್‌ವರ್ಕ್.

ಕುಕೀಸ್ ಇಲ್ಲಿ ಸ್ಟೋರೇಜ್ ಒಳಗೆ ಸೇರಿದೆ. ಪುಟ ನಮ್ಮ ಕಂಪ್ಯೂಟರ್‌ನಲ್ಲಿ ಉಳಿಸಿದ ಬೇರೆ ಮಾಹಿತಿಯೂ ಅಲ್ಲೇ ಕಾಣುತ್ತದೆ.

ಕನ್ಸೋಲ್ ಮಾತ್ರ ಕನ್ಸೋಲ್ ಆಗಿಯೇ ಉಳಿದಿದೆ.

ಡಿಬಗರ್‌ನಲ್ಲಿ ಖರ್ಚು ಕೂಡುವ ಸಾಲಿನ ಸಂಖ್ಯೆಯ ಮೇಲೆ ಕ್ಲಿಕ್ ಮಾಡಿದೆ. ಇದನ್ನು ಬ್ರೇಕ್‌ಪಾಯಿಂಟ್ ಎನ್ನುತ್ತಾರೆ. ಪುಟ ಓಡುತ್ತಾ ಆ ಸಾಲಿಗೆ ಬಂದಾಗ ನಿಲ್ಲುತ್ತದೆ, ಆ ಗಳಿಗೆಯಲ್ಲಿ ಯಾವ ಹೆಸರಿನಲ್ಲಿ ಎಷ್ಟು ಮೊತ್ತ ಇದೆ ಎಂದು ಪಕ್ಕದಲ್ಲಿ ತೋರಿಸುತ್ತದೆ. ಎಫ್ 8 ಒತ್ತಿದರೆ ಮುಂದಕ್ಕೆ ಹೋಗಿ ಮುಂದಿನ ನಮೂದಿಗೆ ಮತ್ತೆ ನಿಲ್ಲುತ್ತದೆ. ವೋಚರ್ ಒಂದೊಂದನ್ನೇ ಲೆಡ್ಜರ್ ಜೊತೆ ಹೋಲಿಸುವ ಹಾಗೆ. 120, 85, 340... ಆಮೇಲೆ 1. ಒಂದು ರೂಪಾಯಿ! ಲೈನಿಂಗ್ ಬಟ್ಟೆಗೆ ಒಂದು ರೂಪಾಯಿ ಹೇಗಾಯಿತು? ಸ್ಟೋರೇಜ್ ತೆರೆದು ನೋಡಿದೆ. ಉಳಿಸಿದ್ದ ನಮೂದು 1,250 ಎಂದೇ ಇತ್ತು.

ಆಗ ಅರ್ಥವಾಯಿತು. ಟೈಪ್ ಮಾಡಿದ ಅಕ್ಷರಗಳನ್ನು ಸಂಖ್ಯೆಯಾಗಿಸಲು ನಾನು ಪಾರ್ಸ್‌ಇಂಟ್ ಎಂಬ ಜಾವಾಸ್ಕ್ರಿಪ್ಟ್ ಆಜ್ಞೆ ಬಳಸಿದ್ದೆ. ಅದು ಎಡದಿಂದ ಓದುತ್ತಾ ಅಂಕಿಯಲ್ಲದ ಗುರುತು ಸಿಕ್ಕ ತಕ್ಷಣ ನಿಲ್ಲುತ್ತದೆ. 1,250ರಲ್ಲಿ 1 ಓದಿತು, ಅಲ್ಪವಿರಾಮ ಕಂಡಿತು, ಸುಮ್ಮನಾಯಿತು. ಪಟ್ಟಿಯಲ್ಲಿ 1,250 ಎಂದೇ ಕಾಣುತ್ತಿದ್ದರಿಂದ ಕಣ್ಣಿಗೂ ಸಿಗಲಿಲ್ಲ. ನಾನು ಯಾವತ್ತೂ ಅಲ್ಪವಿರಾಮ ಹಾಕದೆ ಟೈಪ್ ಮಾಡುತ್ತೇನೆ. ಅವತ್ತು ಅಂಗಡಿಯ ಬಿಲ್ಲಿನಲ್ಲಿ ಇದ್ದ ಹಾಗೆಯೇ ಅಚ್ಚುಕಟ್ಟಾಗಿ ಟೈಪ್ ಮಾಡಿದವರು ಖಾಲಾ. ಅವರು ಬರೆದದ್ದು ಸರಿ. ಕೂಡಿದ ನನ್ನ ಪುಟ ತಪ್ಪು.

ತಿದ್ದಿದ್ದು ಎರಡೇ ಸಾಲು. ಮೊದಲು ಅಲ್ಪವಿರಾಮಗಳನ್ನು ತೆಗೆದು, ಆಮೇಲೆ ಪಾರ್ಸ್‌ಇಂಟ್ ಬದಲು ನಂಬರ್ ಎಂಬ ಆಜ್ಞೆಯಿಂದ ಸಂಖ್ಯೆ ಮಾಡಿದೆ. ನಂಬರ್‌ಗೆ ಅರ್ಥವಾಗದ್ದು ಬಂದರೆ ಅದು ಅರ್ಧ ಓದಿ ಸುಮ್ಮನಾಗುವುದಿಲ್ಲ, "ಇದು ಸಂಖ್ಯೆಯಲ್ಲ" ಎಂದೇ ಹೇಳುತ್ತದೆ. ಲೆಕ್ಕದಲ್ಲಿ ಮುಚ್ಚಿಕೊಂಡ ತಪ್ಪಿಗಿಂತ ಎದ್ದು ಕಾಣುವ ತಪ್ಪೇ ವಾಸಿ. ಉಳಿಕೆ 5,136 ಎಂದು ಬಂತು. ಬೆಳಿಗ್ಗೆ ಅಮ್ಮಿಗೆ ತೋರಿಸಿದೆ. ಅಮ್ಮಿ ನನ್ನನ್ನು ಬೈಯಲಿಲ್ಲ. ಕೀಲಿ ಹಿಡಿದುಕೊಂಡು ತಾವೇ ಪಕ್ಕದ ಮನೆಗೆ ಹೋದರು. ನಾನೂ ಹಿಂದೆಯೇ ಹೋಗಿ ಖಾಲಾ ಬಳಿ ಮಾಫಿ ಕೇಳಿದೆ.

ಹೊಸ ಟೂಲ್‌ನಲ್ಲಿ ನನಗೆ ಹಿಡಿಸಿದ್ದು

ಡಿಬಗರ್‌ನಲ್ಲಿ ಸಾಲಿನ ಸಂಖ್ಯೆಯ ಮೇಲೆ ರೈಟ್ ಕ್ಲಿಕ್ ಮಾಡಿ ಲಾಗ್ ಸೇರಿಸಬಹುದು. ಫೈಲ್ ಮುಟ್ಟದೆಯೇ ಬೆಲೆಗಳು ಕನ್ಸೋಲ್‌ನಲ್ಲಿ ಮೂಡುತ್ತವೆ. ಕಂಟ್ರೋಲ್, ಶಿಫ್ಟ್, ಎಂ ಒತ್ತಿದರೆ ಪುಟ ಮೊಬೈಲ್ ಅಳತೆಯಲ್ಲಿ ಹೇಗೆ ಕಾಣುತ್ತದೆಂದು ನೋಡಬಹುದು. ಇನ್ಸ್‌ಪೆಕ್ಟರ್‌ನ ಚೇಂಜಸ್ ಎಂಬಲ್ಲಿ ನಾವು ಬಣ್ಣ-ಅಳತೆಗಳಲ್ಲಿ ಮಾಡಿದ ಬದಲಾವಣೆಗಳ ಪಟ್ಟಿ ಇರುತ್ತದೆ. ಕ್ರೋಮ್, ಎಡ್ಜ್ ಬಳಸುವವರೂ ಎಫ್ 12 ಒತ್ತಿ ನೋಡಿ. ಅವುಗಳಲ್ಲೂ ಇಂಥದೇ ಟೂಲ್ ಇದೆ, ಏನನ್ನೂ ಡೌನ್‌ಲೋಡ್ ಮಾಡಬೇಕಿಲ್ಲ.

ಎರಡು ಎಚ್ಚರಿಕೆ. ಇನ್ಸ್‌ಪೆಕ್ಟರ್‌ನಲ್ಲಿ ಮಾಡಿದ ಬದಲಾವಣೆ ನಮ್ಮ ಪರದೆಯಲ್ಲಿ ಮಾತ್ರ ಇರುತ್ತದೆ, ಪುಟ ರಿಫ್ರೆಶ್ ಮಾಡಿದರೆ ಹೋಗುತ್ತದೆ. ಹಾಗಾಗಿ ಯಾರಾದರೂ ಫಲಿತಾಂಶದ ಸ್ಕ್ರೀನ್‌ಶಾಟ್ ಕಳಿಸಿದರೆ ಅದೊಂದನ್ನೇ ನಂಬಬೇಡಿ. 48 ಅನ್ನು 84 ಮಾಡಲು ಅರ್ಧ ನಿಮಿಷ ಸಾಕು. ಇನ್ನೊಂದು, ಗೊತ್ತಿಲ್ಲದವರು ಕಳಿಸಿದ ಕೋಡನ್ನು ಕನ್ಸೋಲ್‌ನಲ್ಲಿ ಪೇಸ್ಟ್ ಮಾಡಬೇಡಿ. ನೀವು ಲಾಗಿನ್ ಆಗಿರುವ ಖಾತೆ ಅವರ ಕೈಗೆ ಹೋಗಬಹುದು.

ಶುಕ್ರವಾರ ಮಾಮು ಫೋನ್ ಮಾಡಿದಾಗ ಎಲ್ಲ ಹೇಳಿದೆ. ಫೈರ್‌ಬಗ್ ಬಿಟ್ಟೆ ಎಂದರೆ ಅವರಿಗೆ ಬೇಸರವಾದೀತು ಎಂದುಕೊಂಡಿದ್ದೆ. ಅವರು ನಕ್ಕು, "ಎಫ್ 12 ಅದೇ ಇದೆಯಲ್ಲ ಬೇಟಿ" ಎಂದರು. ಹಳೆಯ ಕಂಪ್ಯೂಟರ್ ಇನ್ನೂ ಮನೆಯಲ್ಲಿದೆ. ಭದ್ರತಾ ಅಪ್‌ಡೇಟ್ ಇಲ್ಲದ ಕಾರಣ ಇಂಟರ್‌ನೆಟ್ ಕೇಬಲ್ ತೆಗೆದಿಟ್ಟಿದ್ದೇನೆ. ತಮ್ಮ ಅದರಲ್ಲಿ ಟೈಪಿಂಗ್ ಕಲಿಯುತ್ತಿದ್ದಾನೆ. ಈಗ ಪ್ರತಿ ತಿಂಗಳ ಕೊನೆಗೆ ಪುಟದ ಮೊತ್ತವನ್ನು ನಾನು ಒಮ್ಮೆ ಕೈಯಲ್ಲೂ ಕೂಡಿ ನೋಡುತ್ತೇನೆ. ಒಂದು ಬದಿ ನಾನು, ಇನ್ನೊಂದು ಬದಿ ಖಾಲಾ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ